ಪಂಜರದ ಪಾಲಿಗೆ ಉಳ್ಳಾಗಡ್ಡಿ ಇಲ್ಲ

ನಮ್ಮ ಮನೆಗೆ ಬಂದವರಿಗೆ ನಾನು ಹೇಳುವ ಮೊದಲ ಮಾತು "ಬರ್ರಿ, ಕುಂದ್ರಿ" ಅಲ್ಲ, "ಕೈ ತೊಳಕೊಳ್ರಿ". ಇದನ್ನು ಕೇಳಿ ಕೆಲವರು ಊಟಕ್ಕೇ ಕರೆದಳೆಂದು ತಿಳಿದು ಉತ್ಸಾಹದಿಂದ ಬಚ್ಚಲಿಗೆ ಹೋಗುತ್ತಾರೆ. ಮರಳಿ ಬಂದಾಗ ಬರೀ ಚಹಾದ ಕಪ್ಪು ಕಂಡು ಮುಖ ಸಪ್ಪಗೆ ಮಾಡಿಕೊಳ್ಳುತ್ತಾರೆ. ಇನ್ನು ಕೆಲವರು ತಮ್ಮ ಅಂಗೈಯನ್ನು ಹಿಂದೆ ಮುಂದೆ ನೋಡಿಕೊಂಡು, ಇದರಲ್ಲಿ ಈಕೆಗೆ ಕಂಡ ಹೊಲಸಾದರೂ ಏನು ಎಂದು ಒಳಗೊಳಗೇ ಉರಿಯುತ್ತಾರೆ. ಉರಿಯಲಿ. ತೊಳೆದುಕೊಂಡು ಉರಿಯಲಿ.

"ಸಿಸ್ಟರ್‌ಬಾಯಿ ರಿಟಾಯರ್ ಆದ್ರೂ ಡ್ಯೂಟಿ ಬಿಟ್ಟಿಲ್ಲ" ಎಂಬುದು ನಮ್ಮೂರು ಉಟಗಿಯಲ್ಲಿ ನನ್ನ ಬಗ್ಗೆ ಇರುವ ಮಾತು. ಅದನ್ನು ಬೈಗುಳವೆಂದು ಹೇಳುವವರಿದ್ದಾರೆ, ನಾನು ಮಾತ್ರ ಬಿರುದೆಂದು ತೆಗೆದುಕೊಂಡಿದ್ದೇನೆ. ತಾಲೂಕಿನ ದವಾಖಾನೆಗಳಲ್ಲಿ ನರ್ಸಾಗಿ ದುಡಿದವಳು ನಾನು. ನನ್ನ ನಿಜವಾದ ಯುದ್ಧ ರೋಗದ ಜೊತೆ ಇರಲಿಲ್ಲ. ರೋಗವನ್ನು ಡಾಕ್ಟರರು ನೋಡಿಕೊಳ್ಳುತ್ತಿದ್ದರು. ನನ್ನ ಯುದ್ಧವೇನಿದ್ದರೂ ಮನೆಯಿಂದ ಬರುವ ಊಟದ ಡಬ್ಬಿಗಳ ಜೊತೆ. ಹೊಟ್ಟೆಯ ಆಪರೇಷನ್ ಆಗಿ ಇನ್ನೂ ಹೊಲಿಗೆ ಹಸಿಯಿರುವ ಒಬ್ಬ ಮುದುಕರ ದಿಂಬಿನ ಕೆಳಗಿನಿಂದ ಒಮ್ಮೆ ಬಿಸಿ ಮೆಣಸಿನಕಾಯಿ ಭಜಿಯ ವಾಸನೆ ಬಂತು. ದಿಂಬು ಎತ್ತಿದೆ. ಅವರ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು, "ಒಂದು ಭಜಿಗಿ ಏನಾಗ್ತದ್ರಿ ಬಾಯಿ? ಅವರಿಗಿ ಭಾಳ ಸೇರ್ತದ" ಎಂದರು. ವಾರ್ಡಿನೊಳಗೆ ಹಗೆಯಿಂದ ವಿಷ ತಂದವರನ್ನು ನಾನು ಕಂಡಿಲ್ಲ. ಬಂದದ್ದೆಲ್ಲ ಪ್ರೀತಿಯಿಂದಲೇ, ಬಟ್ಟೆಯಲ್ಲಿ ಸುತ್ತಿಕೊಂಡು, ಬೆಚ್ಚಗೆ ಬಂದದ್ದು.

ರಿಟಾಯರ್ ಆದಮೇಲೆ ಈ ಯುದ್ಧ ಮುಗಿಯಿತೆಂದು ತಿಳಿದಿದ್ದೆ. ಆಗ ನಮ್ಮವರು ಕಣ್ಣಿನ ಆಪರೇಷನ್ನಿಗೆಂದು ಮಿರಜಕ್ಕೆ ಹೋದರು. ಮರಳಿ ಎಸ್‌ಟಿ ಬಸ್ಸಿನಿಂದ ಇಳಿದಾಗ ಒಂದು ಕಣ್ಣಿಗೆ ಹಸಿರು ಪಟ್ಟಿ, ಒಂದು ಕೈಯಲ್ಲಿ ಔಷಧದ ಚೀಲ, ಇನ್ನೊಂದು ಕೈಯಲ್ಲಿ ಪಂಜರ. ಪಂಜರದಲ್ಲಿ ಗೇಣುದ್ದದ ಎರಡು ಹಕ್ಕಿ, ಒಂದು ನೀಲಿ, ಒಂದು ಹಸಿರು. ಪೇಟೆಯವರು ಲವ್ ಬರ್ಡ್ಸ್ ಎಂದು ಮಾರುತ್ತಾರಲ್ಲ, ಅವು.

"ಇವೇನ್ರಿ?" ಎಂದೆ.

"ಹೊಸ ಕಣ್ಣು ಬಂತಲಾ, ನೋಡಲಿಕ್ಕ ಏನರೆ ಬ್ಯಾಡೇನು?" ಎಂದರು.

ಇಷ್ಟು ವರ್ಷ ಅವರ ಹಳೆಯ ಕಣ್ಣು ನೋಡಿದ್ದೆಲ್ಲ ಏನು ಎಂದು ಕೇಳಬೇಕೆಂದಿದ್ದೆ. ಪಟ್ಟಿ ಕಟ್ಟಿದ ಮನುಷ್ಯನ ಜೊತೆ ಜಗಳ ಆಡುವುದು ನನ್ನ ಶಿಸ್ತಿನಲ್ಲಿ ಇಲ್ಲವಾದ್ದರಿಂದ ಪಂಜರ ಇಸಿದುಕೊಂಡೆ.

ಹಕ್ಕಿಗಳಿಗೆ ಹೆಸರಿಡುವ ಉಮೇದು ನನಗಿರಲಿಲ್ಲ. ವಾರ್ಡಿನ ರೂಢಿಯಂತೆ ಒಂದನೇ ಬೆಡ್, ಎರಡನೇ ಬೆಡ್ ಎಂದು ಕರೆದೆ. ಗೌರಕ್ಕ ಅದನ್ನು ಕೇಳಿ ಹಣೆ ಬಡಿದುಕೊಂಡರು. ಗೌರಕ್ಕ ನಮ್ಮವರ ಅಕ್ಕ. ಅವರ ಮನೆ ನಮ್ಮ ಗೋಡೆಗೆ ಹತ್ತಿಕೊಂಡೇ ಇದೆ. ಮಗ ಸೊಸೆ ಹಗಲೆಲ್ಲ ಹೊಲದಲ್ಲಿರುವುದರಿಂದ ಮಧ್ಯಾಹ್ನದ ಊಟ ತಮ್ಮನ ಜೊತೆ, ನಮ್ಮ ಪಡಸಾಲೆಯಲ್ಲಿ. "ಜೀವಕ್ಕ ನಂಬರ್ ಹಚ್ಚತಾರೇನ ಶಾಂತಾ? ಇಕಿ ನೀಲವ್ವ, ಇಂವ ಪಚ್ಚಪ್ಪ" ಎಂದು ನಾಮಕರಣ ಮುಗಿಸಿದರು. ನೀಲವ್ವ ನಿಜವಾಗಿ ಹೆಣ್ಣೋ ಅಲ್ಲವೋ ಯಾರೂ ಕೇಳಲಿಲ್ಲ, ನೀಲವ್ವನೂ ತಕರಾರು ಮಾಡಲಿಲ್ಲ.

ಮಾರಿದವನು ನಮ್ಮವರಿಗೆ ಗಟ್ಟಿಯಾಗಿ ಹೇಳಿ ಕಳಿಸಿದ್ದನಂತೆ: ಬರೀ ನವಣೆ ಮತ್ತು ನೀರು, ಸೊಪ್ಪು ತಪ್ಪಲು ಕೊಟ್ಟರೆ ಹೊಟ್ಟೆ ಕೆಟ್ಟು ಸಾಯುತ್ತವೆ. ಊರೂ ಅದನ್ನೇ ಹೇಳಿತು. ನನಗೆ ಒಪ್ಪಿಗೆಯಾಗಲಿಲ್ಲ. ಆಯುಷ್ಯಪೂರ್ತಿ ಗಂಜಿಯನ್ನೇ ಕುಡಿ ಎಂದು ಯಾವ ಪೇಷಂಟಿಗೂ ನಾನು ಹೇಳಿದವಳಲ್ಲ. ಕಾಳು ಇರಲಿ, ಅದು ಅವುಗಳ ರೊಟ್ಟಿ. ಆದರೆ ರೊಟ್ಟಿಯ ಜೊತೆ ಪಲ್ಯ ಬೇಡವೇ? ಅಡವಿಯ ಹಕ್ಕಿ ಎಳೆ ಹುಲ್ಲು, ಚಿಗುರು, ಹಸಿ ತೆನೆ ಎಲ್ಲ ತಿಂದು ಬದುಕುತ್ತದೆ. ಪಂಜರದಲ್ಲಿಟ್ಟ ಕೂಡಲೇ ಅದರ ಹೊಟ್ಟೆ ಬೇರೆಯಾಗುತ್ತದೆಯೇ? ಕೇಳಬೇಕಾದವರನ್ನೆಲ್ಲ ಕೇಳಿದೆ, ತಿಳಿದವರು ಹೇಳಿದ್ದನ್ನು ನೆನಪಿಟ್ಟುಕೊಂಡೆ, ಮತ್ತು ಊರಿನ ಎದುರಿಗೇ ಒಂದು ಕ್ಯಾರೆಟ್ಟು, ಅಂದರೆ ನಮ್ಮ ಗಜ್ಜರಿ, ಹೆರೆದೆ.

"ನಮಗ ಮನುಷ್ಯಾರಿಗಿ ಸಂತಿ ಕಾಯಿಪಲ್ಯ ಸಾಲವಲ್ದು, ಇಕಿ ಹಕ್ಕಿಗಿ ಗಜ್ಜರಿ ತಿನಸ್ತಾಳ" ಎಂದು ಎದುರು ಮನೆಯ ಕಟ್ಟೆ ಗೊಣಗಿತು. ಒಂದು ಗಜ್ಜರಿಯಲ್ಲಿ ಈ ಹಕ್ಕಿಗಳ ಪಾಲು ನನ್ನ ಕಿರುಬೆರಳಿನ ಉಗುರಿನಷ್ಟು. ಉಳಿದದ್ದನ್ನು ಆ ಕಟ್ಟೆಗೇ ಕಳಿಸಿದೆ. ಗೊಣಗಾಟ ನಿಲ್ಲಲಿಲ್ಲ, ಗಜ್ಜರಿಯೂ ಮರಳಿ ಬರಲಿಲ್ಲ.

ಈ ಕೆಲಸದಲ್ಲಿ ನನ್ನ ಪದ್ಧತಿ ವಾರ್ಡಿನದೇ. ಹೊಸದನ್ನು ಒಮ್ಮೆಲೇ ಕೊಡುವುದಿಲ್ಲ. ಒಂದು ಸಲಕ್ಕೆ ಒಂದು ಹೊಸ ಪದಾರ್ಥ, ಅದೂ ಚೂರೇ ಚೂರು. ಮರುದಿನ ಪಂಜರದ ತಳದ ಕಾಗದ ನೋಡುವುದು. ಹಿಕ್ಕೆ ಸರಿಯಿದ್ದರೆ ಮುಂದುವರಿಸುವುದು. ನಮ್ಮವರಿಗೆ ಬೆಳಗಿನ ಚಹಾದ ಹೊತ್ತಿನಲ್ಲಿ ಈ ವರದಿ ಕೇಳುವುದು ಹಿಂಸೆ. "ಚಹಾ ಮುಗಿಯೂತನಕರ ತಡಿಯ ಮಾರಾಯ್ತಿ" ಎನ್ನುತ್ತಾರೆ. ಕೊಟ್ಟದ್ದನ್ನು ಬಿಸಿಲು ಏರುವ ಮೊದಲೇ ತೆಗೆದುಬಿಡುವುದು ಇನ್ನೊಂದು ನಿಯಮ. ನಮ್ಮ ಕಡೆಯ ಬಿಸಿಲಿಗೆ ಹೆಚ್ಚಿದ ಸೌತೆಕಾಯಿ ನೋಡನೋಡುತ್ತಲೇ ಹಳಸುತ್ತದೆ. ಹಕ್ಕಿಗೆ ಅದನ್ನು ಮೂಸಿ ನೋಡಿ ಬಿಡುವ ವ್ಯವಧಾನವಿಲ್ಲ.

ಎಲ್ಲಕ್ಕಿಂತ ದೊಡ್ಡದು ತೊಳೆಯುವುದು. ಜತ್ತಿನ ಬಾಜಾರದಲ್ಲಿ ಕಾಯಿಪಲ್ಯ ಮಾರುವ ಮೆಹಬೂಬ್‌ಬಿ ನನ್ನನ್ನು ಕಂಡರೆ ಸೊಪ್ಪಿನ ಸೂಡುಗಳನ್ನು ಮುಚ್ಚಿಟ್ಟುಕೊಳ್ಳುವ ನಟನೆ ಮಾಡುತ್ತಾಳೆ.

"ಈ ಮೆಂತೆಗೆ ಔಷಧ ಹೊಡದು ಎಷ್ಟು ದಿನ ಆತು?" ಎಂದು ನಾನು ಕೇಳುತ್ತೇನೆ.

"ನಾ ಏನ್ ಹೊಲದಾಗ ಮಲಗಿದ್ನೇನ್ರಿ ಬಾಯಿ? ನನ್ನ ಮಗಳಿಗಿ ವರ ನೋಡುವಾಗೂ ಇಷ್ಟು ಚೌಕಶಿ ಮಾಡಿಲ್ಲ ನಾ."

"ಮಾಡಿದ್ದರ ಚಲೋ ಇತ್ತಿಲ್ಲೋ?"

"ಹಾಯ್ ಅಲ್ಲಾ, ಅದೂ ಖರೇನ ಐತಿ ಬಿಡ್ರಿ!" ಎಂದು ನಕ್ಕು, ಬುಟ್ಟಿಯ ತಳದಿಂದ ಬೇರೆ ಸೂಡು ಎಳೆದು ಕೊಡುತ್ತಾಳೆ. "ಇದು ನನ್ನ ತಮ್ಮನ ಹಿತ್ತಲದ್ದು. ಔಷಧ ಇಲ್ಲ, ಹುಳ ಅದಾವ. ನಡೀತದೇನು?"

ನಡೆಯುತ್ತದೆ. ಹುಳ ತಿಂದ ಎಲೆಯ ಮೇಲೆ ನನಗೆ ಗೌರವ. ಹುಳ ಅದನ್ನು ನನಗಿಂತ ಮೊದಲು ಪರೀಕ್ಷೆ ಮಾಡಿ ಪಾಸು ಮಾಡಿದೆಯಲ್ಲ. ಹಾಗಂತ ನಾನು ತೊಳೆಯುವುದನ್ನು ಬಿಡುವುದಿಲ್ಲ. ಎಲೆ ಎಲೆ ಬಿಡಿಸಿ, ನೀರು ಬದಲಿಸಿ ಬದಲಿಸಿ ತೊಳೆಯುತ್ತೇನೆ. ನೀರಿಗೆ ಬರವಿರುವ ನಮ್ಮ ತಾಲೂಕಿನಲ್ಲಿ ಹಕ್ಕಿಯ ಪಲ್ಯಕ್ಕೆ ಇಷ್ಟು ನೀರೇ ಎಂದು ಹುಬ್ಬೇರಿಸುವವರಿಗೆ ನನ್ನ ಹಿತ್ತಲ ನುಗ್ಗೆಗಿಡ ತೋರಿಸುತ್ತೇನೆ. ಆ ನೀರೆಲ್ಲ ಅದಕ್ಕೇ. ಅದರ ಎಳೆ ತಪ್ಪಲು ಮತ್ತೆ ಪಂಜರಕ್ಕೆ. ತೊಳೆದ ಕೊತ್ತಂಬರಿಯ ಎಲೆಗಳನ್ನು ಹಸಿಹಸಿಯಾಗಿಯೇ ಪಂಜರದಲ್ಲಿ ಕಟ್ಟಿದರೆ ನೀಲವ್ವ ತಿನ್ನುವ ಮೊದಲು ಅದರಲ್ಲಿ ಉರುಳಾಡಿ ಸ್ನಾನ ಮಾಡುತ್ತಾಳೆ. ಕೊತ್ತಂಬರಿಯಲ್ಲಿ ಸ್ನಾನ ಮಾಡುವ ಭಾಗ್ಯ ಯಾವ ಸಂಸ್ಥಾನದ ರಾಣಿಗೂ ಇದ್ದಿರಲಾರದು.

ಯಾವುದು ಬೇಡ ಎಂಬುದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಇಡೀ ರಾಮಾಯಣ ಇರುವುದೇ ಅಲ್ಲಿ. ಹಸಿ ಬಟಾಟೆ ಬೇಡ, ಟೊಮೆಟೊ ಗಿಡದ ತಪ್ಪಲು ಬೇಡ, ಬೇಯಿಸದ ಒಣ ಅವರೆ ಅಲಸಂದೆ ಬೇಡ, ಕರಿದದ್ದು ಬೇಡ, ಉಪ್ಪು ಹಾಕಿದ್ದು ಬೇಡ. ಬಳ್ಳೊಳ್ಳಿ ಬೇಡ. ಉಳ್ಳಾಗಡ್ಡಿಯಂತೂ ಬೇಡವೇ ಬೇಡ. ಅದು ಹಕ್ಕಿಯ ರಕ್ತವನ್ನೇ ಕೆಡಿಸುತ್ತದೆ. ಮನುಷ್ಯನಿಗೂ ಹಕ್ಕಿಗೂ ತೂಕದ ಲೆಕ್ಕ ಬೇರೆ. ದೊಡ್ಡವರ ಗುಳಿಗೆಯನ್ನು ಕೂಸಿಗೆ ಅರೆದು ಕೊಡುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ನಿಂಬೆಹಣ್ಣಿನಷ್ಟು ತೂಕದ ಜೀವಕ್ಕೆ ನಮ್ಮ ಒಂದು ಚಿಟಿಕೆ ಉಪ್ಪೆಂದರೆ ನಮಗೆ ಬೊಗಸೆ ಉಪ್ಪು ತಿನ್ನಿಸಿದ ಹಾಗೆ ಎಂಬುದು ಮಾತ್ರ ಯಾರ ತಲೆಗೂ ಹೋಗುವುದಿಲ್ಲ.

ಈಗ ನಮ್ಮ ಅತ್ತೆಯ ಮನೆಯ ಒಂದು ಪದ್ಧತಿ ಹೇಳಬೇಕು. ತಾಟಿನ ಮುಂದೆ ಕುಳಿತವರು ತಾವು ತುತ್ತು ಬಾಯಿಗಿಡುವ ಮೊದಲು ರೊಟ್ಟಿಯ ತುಂಡೊಂದನ್ನು ಮುರಿದು ಹತ್ತಿರದಲ್ಲಿರುವ ಜೀವಕ್ಕೆ ಕೊಡಬೇಕು. ನಾಯಿಯಿದ್ದರೆ ನಾಯಿಗೆ, ಆಡಿದ್ದರೆ ಆಡಿಗೆ, ಯಾರೂ ಇಲ್ಲದಿದ್ದರೆ ಕಾಗೆಗೆ. ಷರತ್ತು ಒಂದೇ, ಆ ತುಂಡಿನ ಮೇಲೆ ತಾಟಿನಲ್ಲಿರುವ ಎಲ್ಲದರದೂ ಸ್ವಲ್ಪ ಸ್ವಲ್ಪ ಇರಬೇಕು. ಒಂದನ್ನು ಬಿಟ್ಟರೂ ಮುಚ್ಚಿಟ್ಟು ತಿಂದಂತೆ. ಗೌರಕ್ಕ ಇದನ್ನು ತಮ್ಮ ಅವ್ವನಿಂದ ಕಲಿತವರು. ಒಂದು ಹೊತ್ತೂ ತಪ್ಪಿಸಿದವರಲ್ಲ. ಪಂಜರ ಬಂದಮೇಲೆ ಅವರ ತುಂಡು ಪಂಜರಕ್ಕೆ ಹೊರಟಿತು. ಮೇಲೆ ಎಣ್ಣೆಗಾಯಿಯ ಎಣ್ಣೆ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಮತ್ತು ಗುದ್ದಿ ಒಡೆದ ಉಳ್ಳಾಗಡ್ಡಿಯ ಒಂದು ಎಸಳು.

"ಅಕ್ಕಾರ, ಉಳ್ಳಾಗಡ್ಡಿ ಬ್ಯಾಡ್ರಿ" ಎಂದೆ.

"ಯಾಕ ಬ್ಯಾಡ? ಆಡಿಗಿ ಹಾಕ್ತೀವಿ, ನಾಯಿಗಿ ಹಾಕ್ತೀವಿ, ಏನಾಗ್ಯದ? ಉಳ್ಳಾಗಡ್ಡಿ ಇಲ್ಲದ್ದು ಊಟ ಏನು?"

"ಹಕ್ಕಿಗಿ ಅದು ವಿಷ್ರಿ."

"ನಿನ್ನೆ ನೀನ ಅದಕ ಹಸಿ ಮೆಣಸಿನಕಾಯಿ ಕೊಟ್ಟಿದಿ! ಕುಕ್ಕಿ ಕುಕ್ಕಿ ಬೀಜ ತಿಂತು, ಕಣ್ಣಾಗ ಒಂದು ಹನಿ ನೀರು ಬರಲಿಲ್ಲ. ಮೆಣಸಿನಕಾಯಿ ತಿಂದು ಅರಗಿಸಿಕೊಳ್ಳೂದಕ್ಕ ಉಳ್ಳಾಗಡ್ಡಿ ವಿಷ ಏನ?"

ಹಕ್ಕಿಗಳಿಗೆ ಮೆಣಸಿನಕಾಯಿಯ ಖಾರ ನಮ್ಮಂತೆ ಹತ್ತುವುದಿಲ್ಲ ಎಂಬುದು ಸತ್ಯ. ಹಕ್ಕಿ ತಿಂದು ಬೀಜ ದೂರ ಬಿತ್ತಲಿ, ಬೀಜ ಅಗಿದು ಹಾಳು ಮಾಡುವ ಪ್ರಾಣಿ ಮುಟ್ಟದಿರಲಿ ಎಂದು ಗಿಡವೇ ಮಾಡಿಕೊಂಡ ಏರ್ಪಾಡಂತೆ. ಮನುಷ್ಯನೊಬ್ಬ ಮಾತ್ರ ಆ ಏರ್ಪಾಡನ್ನು ಲೆಕ್ಕಿಸದೆ ಭಜಿ ಮಾಡಿಕೊಂಡ. ಇಂಥ ಸತ್ಯ ನಮ್ಮ ಗೌರಕ್ಕನ ಮುಂದೆ ನಿಲ್ಲುವುದಿಲ್ಲ. ಖಾರ ಸರಿ, ಉಳ್ಳಾಗಡ್ಡಿ ತಪ್ಪು ಎಂದು ಹೇಳುವವಳನ್ನು ಉತ್ತರ ಕರ್ನಾಟಕದ ಯಾವ ಪಂಚಾಯತಿಯೂ ನಂಬುವುದಿಲ್ಲ. ಗಡಿಯ ಈಚೆ, ಮರಾಠಿ ಸೀಮೆಯಲ್ಲಿರುವ ನಮ್ಮ ಪಂಚಾಯತಿಯೂ ಅಷ್ಟೇ.

ನಾನು ಅಡುಗೆಮನೆಗೆ ಹೋದಾಗ ತುಂಡು ಪಂಜರದೊಳಗೆ ಹೋಯಿತು.

ಮರುದಿನ ಬೆಳಿಗ್ಗೆ ನೀಲವ್ವ ಕೋಲಿನ ಮೇಲಿರಲಿಲ್ಲ. ಪಂಜರದ ತಳದಲ್ಲಿ ಗರಿ ಉಬ್ಬಿಸಿಕೊಂಡು, ಕಣ್ಣು ಮುಚ್ಚಿ, ಹತ್ತಿಯ ಉಂಡೆಯಂತೆ ಕುಳಿತಿದ್ದಳು. ಪಚ್ಚಪ್ಪ ಮೇಲಿಂದ ಕೂಗುತ್ತಿದ್ದ, ಅವಳು ತಲೆ ಎತ್ತಲಿಲ್ಲ. ದನದ ಡಾಕ್ಟರರನ್ನು ಕರೆಸಿದೆ. ಎಮ್ಮೆ, ಕುರಿ ನೋಡುವ ಮನುಷ್ಯ ಪಾಪ. ಅವರ ಚೀಲದ ಎಲ್ಲಕ್ಕಿಂತ ಸಣ್ಣ ಸೂಜಿಯೂ ನೀಲವ್ವನ ಕಾಲಿಗಿಂತ ಉದ್ದವಿತ್ತು. ಅವರು ಅದನ್ನು ನೋಡಿದರು, ನೀಲವ್ವನನ್ನು ನೋಡಿದರು, ಸೂಜಿ ಒಳಗಿಟ್ಟರು.

"ಸಿಸ್ಟರ್, ಬೆಚ್ಚಗ ಇಡ್ರಿ, ಗದ್ದಲ ಬ್ಯಾಡ. ಏನ್ ತಿಂದದ?"

ಹೇಳಿದೆ. "ಉಳ್ಳಾಗಡ್ಡಿನೋ, ಉಪ್ಪೋ, ಎಣ್ಣಿನೋ ನನಗೂ ಹೇಳಾಕ ಬರೂದಿಲ್ರಿ. ಮೂರೂ ಬಂದ್ ಮಾಡ್ರಿ" ಎಂದರು.

ಗೌರಕ್ಕ ಬಾಗಿಲಲ್ಲಿ ನಿಂತಿದ್ದರು. ನಾನು ವಾರ್ಡಿನ ಧ್ವನಿಯಲ್ಲಿ ಹೇಳಿದೆ: "ಅಕ್ಕಾರ, ಇನ್ನ ಮುಂದ ನೀವು ಪಂಜರಕ್ಕ ಕೈ ಹಚ್ಚಬ್ಯಾಡ್ರಿ."

"ಅಂದ್ರ ನಾ ಹಕ್ಕಿ ಕೊಲ್ಲಾಕಿ ಅಂದಂಗಾತು" ಎಂದರು ಗೌರಕ್ಕ. ನಮ್ಮ ಮನೆಯಲ್ಲೇ ಇರುತ್ತಿದ್ದ ತಮ್ಮ ತಾಟನ್ನು ಅಡುಗೆಮನೆಯಿಂದ ತೆಗೆದುಕೊಂಡು, ಸೆರಗಿನಿಂದ ಒರೆಸುತ್ತಾ ತಮ್ಮ ಮನೆಗೆ ಹೋದರು. ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಮರುದಿನವೂ ಇಲ್ಲ.

ನೀಲವ್ವ ಚೇತರಿಸಿಕೊಂಡಳು. ಮೊದಲು ಒಂದು ಕಣ್ಣು ತೆರೆದಳು, ಆಮೇಲೆ ನವಣೆ ಮುಟ್ಟಿದಳು, ಆಮೇಲೆ ಕೋಲಿನ ಮೇಲೆ ಹತ್ತಿ ಪಚ್ಚಪ್ಪನನ್ನು ಕುಕ್ಕಿದಳು. ಕುಕ್ಕಿದಾಗಲೇ ನಾನು ಡಿಸ್ಚಾರ್ಜ್ ಕೊಟ್ಟದ್ದು. ಗೌರಕ್ಕ ಮಾತ್ರ ಚೇತರಿಸಿಕೊಳ್ಳಲಿಲ್ಲ. ಗೋಡೆಯ ಆಚೆಯಿಂದ "ತಮ್ಮಾ, ನೀಲವ್ವ ಹ್ಯಾಂಗದ?" ಎಂದು ನಮ್ಮವರನ್ನು ಕೇಳುತ್ತಿದ್ದರು. ನಾನು ಈಚೆ ನಿಂತು "ಆರಾಮ ಅದ ಅಂತ ಹೇಳ್ರಿ" ಎನ್ನುತ್ತಿದ್ದೆ. ನಮ್ಮವರು ನಡುವೆ ನಿಂತ ಟೆಲಿಫೋನು. ಎರಡೂ ಕಡೆಯ ಬಿಲ್ಲು ಅವರ ತಲೆಗೇ.

ಊರು ತೀರ್ಪು ಕೊಡಲು ತಡ ಮಾಡಲಿಲ್ಲ. ಹಿರಿಯ ನಾದಿನಿಯನ್ನು ಎರಡು ಹಕ್ಕಿಗಾಗಿ ಊಟದಿಂದ ಎಬ್ಬಿಸಿದ ಸೊಸೆ ಎಂದಿತು. ಪಂಜರ ಯಾರಿಗಾದರೂ ಕೊಟ್ಟುಬಿಡು ಎಂದಿತು. ಕಾಯಿಪಲ್ಯದ ಹುಚ್ಚು ಬಿಟ್ಟು ಬರೀ ಕಾಳು ಹಾಕು, ಯಾವ ತಂಟೆಯೂ ಇಲ್ಲ ಎಂದಿತು. ಇಲ್ಲಿ ಸ್ಪಷ್ಟವಾಗಿ ಹೇಳುತ್ತೇನೆ, ನಾನು ಯಾವುದನ್ನೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಕೆಟ್ಟದ್ದು ಕಾಯಿಪಲ್ಯದಿಂದಲ್ಲ, ಕೊಡಬಾರದ್ದನ್ನು ಕೊಟ್ಟದ್ದರಿಂದ. ಒಂದು ಭಜಿಗೆ ಹೆದರಿ ವಾರ್ಡಿನ ಅಡುಗೆಮನೆಗೆ ಬೀಗ ಹಾಕಿದವಳಲ್ಲ ನಾನು.

ಆದರೂ ಮಧ್ಯಾಹ್ನ ರೊಟ್ಟಿ ಮಾಡುವಾಗ ಮೂವರ ಲೆಕ್ಕಕ್ಕೇ ಹಿಟ್ಟು ಕಲಸುತ್ತಿದ್ದೆ. ನಮ್ಮವರ ಹೊಸ ಕಣ್ಣು ಹಕ್ಕಿ ನೋಡುವುದು ಬಿಟ್ಟು ಅಕ್ಕ ಕೂಡುತ್ತಿದ್ದ ಜಾಗ ನೋಡುತ್ತಿತ್ತು. ಹಕ್ಕಿಗಳೂ ಆ ಹೊತ್ತಿಗೆ ಪಂಜರದ ಆ ಬದಿಗೇ ಸರಿದು, ಸರಳಿಗೆ ಕೊಕ್ಕು ತಿಕ್ಕುತ್ತಾ ಕಾಯುತ್ತಿದ್ದವು. ಆಗ ನನಗೆ ವಾರ್ಡಿನ ಒಂದು ಸಂಗತಿ ನೆನಪಾಯಿತು. ನಾನು ಡಬ್ಬಿ ತಡೆದಿದ್ದೆ, ಡಬ್ಬಿ ತಂದವರನ್ನು ಎಂದೂ ತಡೆದಿರಲಿಲ್ಲ. ಯಾರೂ ನೋಡಲು ಬಾರದ ಪೇಷಂಟು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ, ಅವನಿಗೆ ಕೊಟ್ಟ ಔಷಧವೂ ತಡವಾಗಿ ಹತ್ತುತ್ತಿತ್ತು. ಮುದುಕರ ಹೆಂಡತಿಯ ಭಜಿ ಕಸಿದುಕೊಂಡ ಆ ದಿನ, ನಾನೇ ಅವರ ಕೈಗೆ ಸಪ್ಪನೆಯ ಗಂಜಿಯ ಬಟ್ಟಲು ಕೊಟ್ಟಿದ್ದೆ. "ಇದನ್ನ ನೀವ ತಿನಸ್ರಿ" ಎಂದಿದ್ದೆ. ಬೇಕಾದದ್ದು ಅವರ ಕೈ. ಕೈಯಲ್ಲಿರುವುದನ್ನು ಬದಲಿಸಿದರೆ ಸಾಕಿತ್ತು.

ಗೌರಕ್ಕನ ಪದ್ಧತಿ ಏನು? ತಾಟಿನಲ್ಲಿರುವ ಎಲ್ಲದರದೂ ಸ್ವಲ್ಪ ಸ್ವಲ್ಪ. ಒಳ್ಳೆಯದು. ಹಾಗಾದರೆ ಬದಲಾಗಬೇಕಾದದ್ದು ಪದ್ಧತಿಯಲ್ಲ, ತಾಟು.

ಮರುದಿನ ಮಧ್ಯಾಹ್ನ ತಾಟು ಹೊಂದಿಸಿದೆ. ಜೋಳದ ರೊಟ್ಟಿಗೆ ನಾವು ಉಪ್ಪು ಹಾಕುವುದೇ ಇಲ್ಲ, ಅದು ನಮ್ಮ ಹಿರಿಯರು ಹಕ್ಕಿಗಳಿಗಾಗಿಯೇ ಮಾಡಿಟ್ಟ ಉಪಕಾರವೆಂದುಕೊಂಡೆ. ರೊಟ್ಟಿಯ ಬದಿಗೆ ತೊಳೆದ ಮೆಂತೆ ತಪ್ಪಲು, ಹೆರೆದ ಗಜ್ಜರಿ, ಸೌತೆಕಾಯಿ, ಢಬ್ಬು ಮೆಣಸಿನಕಾಯಿಯ ಚೂರು. ಅಷ್ಟೇ. ಎಣ್ಣೆಗಾಯಿ, ಹಿಂಡಿ, ಉಪ್ಪು, ಉಳ್ಳಾಗಡ್ಡಿ ಎಲ್ಲವೂ ಅಡುಗೆಮನೆಯಲ್ಲಿ, ಮುಚ್ಚಿದ ಭಾಂಡೆಗಳಲ್ಲಿ. ಆಮೇಲೆ ಗೋಡೆ ಬಳಸಿ ಗೌರಕ್ಕನ ಮನೆಗೆ ಹೋದೆ. ಟೆಲಿಫೋನನ್ನು ಕರೆದೊಯ್ಯಲಿಲ್ಲ.

"ಊಟಕ್ಕ ಬರ್ರಿ ಅಕ್ಕಾರ. ಹಕ್ಕಿ ಕಾಯಾಕ ಹತ್ಯಾವ."

"ನನ್ನ ಕೈ ವಿಷ ಅಲಾ?"

"ಕೈ ಅಲ್ರಿ, ಉಳ್ಳಾಗಡ್ಡಿ. ಅದನ್ನ ಇವತ್ತೂ ಹೇಳ್ತೀನಿ, ನಾಳೆನೂ ಹೇಳ್ತೀನಿ. ನೀವು ಬರ್ರಿ, ಬಂದು ನೋಡ್ರಿ."

ಗೌರಕ್ಕ ತಾಟು ಕಂಕುಳಲ್ಲಿ ಇಟ್ಟುಕೊಂಡು ಎದ್ದರು. "ನಾ ಬರ್ತಿರೂದು ನೀಲವ್ವನ ಸಲುವಾಗಿ, ನಿನ್ನ ಸಲುವಾಗಿ ಅಲ್ಲ" ಎಂದರು.

ಅವರ ತಾಟಿಗೂ ಅದನ್ನೇ ಬಡಿಸಿದೆ. ಅವರು ತಮ್ಮನ ತಾಟು ನೋಡಿದರು, ನನ್ನ ತಾಟು ನೋಡಿದರು. ಮೂರೂ ಒಂದೇ. "ಇದೇನ ಶಾಂತಾ, ನಮ್ಮನ್ನೂ ವಾರ್ಡಿಗಿ ಹಾಕಿದೇನು?"

"ತಾಟಿನಾಗ ಇದ್ದದ್ದೆಲ್ಲ ಸ್ವಲ್ಪ ಸ್ವಲ್ಪ ಕೊಡ್ರಿ ಅಕ್ಕಾರ. ಒಂದೂ ಬಿಡಬ್ಯಾಡ್ರಿ."

ಗೌರಕ್ಕ ನನ್ನ ಮುಖವನ್ನೇ ನೋಡಿದರು. ಅವರಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ತುಂಡು ಮುರಿದರು, ಮೆಂತೆ ಇಟ್ಟರು, ಗಜ್ಜರಿ, ಸೌತೆಕಾಯಿ, ಢಬ್ಬು ಮೆಣಸಿನಕಾಯಿ ಇಟ್ಟರು. ಯಾವುದನ್ನೂ ಬಿಡಲಿಲ್ಲ. ನೀಲವ್ವ ಸರಳಿನ ಸಂದಿಯಿಂದಲೇ ಅವರ ಬೆರಳ ಮೇಲಿನ ಗಜ್ಜರಿ ಕಿತ್ತುಕೊಂಡಳು. ಉಳಿದ ತುಂಡು ಒಳಗೆ ಹೋಗಿ ಪಂಜರದ ಬಾಗಿಲು ಮುಚ್ಚಿತು. ಆಮೇಲೆ ನಾನು ಅಡುಗೆಮನೆಯಿಂದ ಎಣ್ಣೆಗಾಯಿ, ಹಿಂಡಿ ತಂದೆ. ಕೊನೆಗೆ ಒಂದು ಉಳ್ಳಾಗಡ್ಡಿ ನೆಲಕ್ಕಿಟ್ಟು ಮುಷ್ಟಿಯಿಂದ ಗುದ್ದಿದೆ.

"ಅವ್ವನ ಪದ್ಧತಿಗಿ ಟೈಮ್‌ಟೇಬಲ್ ಹಚ್ಚಿದಿ ನೋಡು" ಎಂದು ಗೌರಕ್ಕ ತಮ್ಮ ಎಸಳು ತೆಗೆದುಕೊಂಡರು. ನಮ್ಮ ಮನೆಯಲ್ಲಿ ಈಗ ಉಳ್ಳಾಗಡ್ಡಿಗೆ ಭೇಟಿಯ ಸಮಯ ಗೊತ್ತುಪಡಿಸಲಾಗಿದೆ. ಹಕ್ಕಿಯ ಊಟ ಮುಗಿಯುವವರೆಗೆ ಅದು ಹೊರಗೆ ಕಾಯಬೇಕು.

ನಾನು ಸೋತು ಕರೆಯಲು ಬಂದೆನೆಂದು ಗೌರಕ್ಕ ಓಣಿಯಲ್ಲಿ ಹೇಳುತ್ತಾರೆ. ಅವರು ಸೋತು ಬಂದರೆಂದು ನಾನು ಹೇಳುತ್ತೇನೆ. ಇಬ್ಬರ ಮಾತನ್ನೂ ನಂಬುವವರಿದ್ದಾರೆ. ಹಕ್ಕಿಗಳು ಯಾರ ಪಕ್ಷವನ್ನೂ ವಹಿಸದೆ ಸೌತೆಕಾಯಿ ತಿನ್ನುತ್ತಿವೆ.

ಮೊನ್ನೆ ಸನಮಡಿಯಿಂದ ಒಬ್ಬ ಬೀಗರು ಬಂದರು. ಬಂದವರೇ ಕೈಯಲ್ಲಿದ್ದ ಚುರಮುರಿಯ ಪೊಟ್ಟಣ ಬಿಚ್ಚಿ ಪಂಜರದ ಕಡೆ ಹೊರಟರು. ನಾನು ಬಾಯಿ ತೆರೆಯುವುದರೊಳಗೆ ಗೌರಕ್ಕನ ಧ್ವನಿ ಪಡಸಾಲೆ ತುಂಬಿತು: "ಏ ಬೀಗರ, ಅಲ್ಲೇ ನಿಂದರ್ರಿ! ಅದರಾಗ ಉಳ್ಳಾಗಡ್ಡಿ ಅದ, ಉಪ್ಪದ. ಮೊದಲ ಕೈ ತೊಳಕೊಳ್ರಿ!" ಬೀಗರು ತಬ್ಬಿಬ್ಬಾಗಿ ಬಚ್ಚಲಿಗೆ ಹೋದರು. ಈ ಧ್ವನಿಯನ್ನು ನಾನು ಎಲ್ಲಿಯೋ ಕೇಳಿದ್ದೇನೆ ಎನ್ನಿಸಿತು. ಇಷ್ಟು ಕಟುವಾಗಿ ನಾನಂತೂ ಎಂದೂ ಹೇಳಿಲ್ಲ. ನಮ್ಮವರು ಮಾತ್ರ ನನ್ನ ಕಡೆ ನೋಡಿ ಯಾಕೋ ಕೆಮ್ಮಿದರು.

ಗೆದ್ದ ಸಂತೋಷದಲ್ಲಿ ನೀಲವ್ವನಿಗೆ ಒಂದು ಮೆಂತೆ ಎಲೆ ಕೊಡೋಣವೆಂದು ಪಂಜರದ ಬಾಗಿಲಿಗೆ ಕೈ ಹಾಕಿದೆ.

"ನೀ ತೊಳಕೊಂಡಿಯೇನ ಶಾಂತಾ?" ಎಂದರು ಗೌರಕ್ಕ.

ಇಲ್ಲ. ಮಧ್ಯಾಹ್ನದ ಅಡುಗೆಗೆಂದು ಆಗಷ್ಟೇ ಉಳ್ಳಾಗಡ್ಡಿ ಹೆಚ್ಚಿ ಎದ್ದುಬಂದಿದ್ದೆ.

ಆಯುಷ್ಯದಲ್ಲಿ ಡಾಕ್ಟರರಿಗೆ, ಊರಿಗೆ, ಪದ್ಧತಿಗೆ ಎದುರು ನಿಂತವಳು ನಾನು. ಎಲ್ಲಿ ನಿಲ್ಲಬೇಕು, ಎಲ್ಲಿ ಎದ್ದು ಹೋಗಬೇಕು ಎಂಬುದೂ ಆ ಶಿಸ್ತಿನ ಭಾಗವೇ. ಬಚ್ಚಲಿಗೆ ಹೋಗಿ, ಬೀಗರ ಹಿಂದೆ ಪಾಳಿ ಹಚ್ಚಿ ನಿಂತೆ.